ಬೇಗಂ ಹೆಸರಿನ ಹಕ್ಕಿ

ಭಾಲ್ಕಿಯ ಸಿಂಪಿಗ ಮಡೆಪ್ಪ ಹೊಲಿದ ಅಂಗಿಯಲ್ಲಿ ಹೊಲಿಗೆಯೇ ಕಾಣುವುದಿಲ್ಲ ಎಂದು ಜನ ಹೇಳುತ್ತಿದ್ದರು. ಹಾಗೇನೂ ಇಲ್ಲ, ಕಾಣುತ್ತಿತ್ತು. ಕಣ್ಣು ಕಿರಿದು ಮಾಡಿ ಹುಡುಕಬೇಕಿತ್ತು, ಅಷ್ಟೆ. ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಅವನ ಅಂಗಡಿ, ಭಾತಂಬ್ರಾದಲ್ಲಿ ಮನೆ, ಊರ ಹೊರಗೆ ಒಂದು ತುಂಡು ಹೊಲ. ಕೊರಳಲ್ಲಿ ಲಿಂಗ, ಹಣೆಯ ಮೇಲೆ ವಿಭೂತಿ, ಬಾಯಿಯಲ್ಲಿ ಸದಾ ಒಂದು ಎಳೆ ದಾರ. ಇಂಥವನು ಸತ್ತ ಹಕ್ಕಿಗಳ ಹೊಟ್ಟೆ ಹೊಲಿಯುವವನಾದ ಎಂದರೆ ಆ ಊರಿನ ಕೆಲವರು ಈಗಲೂ ಮೂಗು ಮುರಿಯುತ್ತಾರೆ. ಮುರಿಯಲಿ, ಅವರ ಮೂಗು ಅವರ ಇಷ್ಟ.

ಅವನನ್ನು ಈ ಕಸುಬಿಗೆ ಎಳೆದವರು ಬೀದರಿನ ಖಾಸಿಂ ಅಲಿ ಸಾಹೇಬರು. ಹೈದರಾಬಾದಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದ ಮೇಲೆ ಚೌಬಾರಾ ಹತ್ತಿರದ ತಮ್ಮ ಹಿರಿಯರ ಮನೆಗೆ ಬಂದು ನೆಲೆಸಿದ್ದರು. ಒಮ್ಮೆ ಭಾಲ್ಕಿ ಸ್ಟೇಷನ್ನಿನಲ್ಲಿ ಗಾಡಿಯ ಬಾಗಿಲಿಗೆ ಸಿಕ್ಕಿ ಅವರ ಶೇರವಾನಿಯ ತೋಳು ಹರಿಯಿತು. ಓಡಿಬಂದು ಮಡೆಪ್ಪನ ಅಂಗಡಿಯಲ್ಲಿ ಹೊಲಿಸಿಕೊಂಡರು. ಆಮೇಲೆ ಹರಿದದ್ದು ಎಲ್ಲಿ ಎಂದು ತೋಳನ್ನು ಹಿಂದೆ ಮುಂದೆ ತಿರುಗಿಸಿ ಹುಡುಕುತ್ತ ಕೂತು, ಗಾಡಿ ತಪ್ಪಿಸಿಕೊಂಡರು. ಮುಂದಿನ ಗಾಡಿಗೆ ಕಾಯುವಾಗ ಕೇಳಿದರು:

"ಮಡೆಪ್ಪ, ನೀ ಹಕ್ಕಿ ಹೊಲೀತಿಯೇನು?"

ಮಡೆಪ್ಪ ಬಾಯಿಯ ದಾರ ತೆಗೆದ. "ಹಕ್ಕಿಗಿ ಅಂಗಿ ಯಾಕ್ರಿ ಸಾಹೇಬ್ರ?"

ಅಂಗಿಯಲ್ಲ, ಹಕ್ಕಿಯನ್ನೇ ಎಂದು ತಿಳಿಯಲು ಅವನು ಬೀದರಿಗೆ ಹೋಗಬೇಕಾಯಿತು. ಸಾಹೇಬರ ನಡುಕೋಣೆಯ ತುಂಬ ಸಾಗವಾನಿ ಬೀರುಗಳು. ಒಂದೊಂದು ಖಾನೆ ಎಳೆದರೂ ಹಕ್ಕಿಗಳು ಅಂಗಾತ ಮಲಗಿದ್ದವು, ಕಾಲಿಗೆ ಒಂದು ಚೀಟಿ ಕಟ್ಟಿಸಿಕೊಂಡು. ಒಳಗಿನ ಮಾಂಸ ತೆಗೆದು, ಚರ್ಮಕ್ಕೆ ಪಾಷಾಣದ ಸಾಬೂನು ಸವರಿ, ಹತ್ತಿ ತುಂಬಿ, ಹೊಟ್ಟೆ ಹೊಲಿದರೆ ಹಕ್ಕಿ ನೂರು ವರ್ಷ ಕೆಡುವುದಿಲ್ಲವಂತೆ. ಸಾಹೇಬರ ಹೆಂಡತಿ ಅಜೀಜಾ ಬೇಗಂ ಔರಾದದ ಮಗಳು. ಮಕ್ಕಳಾಗಿರಲಿಲ್ಲ. ಚಹಾ ತಂದಿಟ್ಟು ಮಡೆಪ್ಪನಿಗೆ ಹೇಳಿದರು: "ಮಕ್ಕಳ ಖೋಲಿ ಇದು. ನಮ್ಮ ಮನ್ಯಾಗ ಹಕ್ಕಿ ಮಲಗ್ಯಾವ ನೋಡು. ಅಳೂದಿಲ್ಲ, ಊಟಾ ಕೇಳೂದಿಲ್ಲ, ಎಂಥಾ ಛಲೋ ಮಕ್ಕಳು." ನಗುತ್ತಲೇ ಹೇಳಿದರು. ಮಡೆಪ್ಪನಿಗೆ ಮಾತ್ರ ನಗು ಬರಲಿಲ್ಲ.

ಕೆಲಸ ಅವನ ಕೈಗೆ ಕೂಡಲೇ ಹತ್ತಿತು. ತಂಟೆ ಬಂದದ್ದು ಒಂದೇ ಕಡೆ. ಹಕ್ಕಿಯ ಚರ್ಮ ಬಿಡಿಸುವವರು ಅದನ್ನು ಎಡ ಅಂಗೈಯಲ್ಲಿ ಮಲಗಿಸಿಕೊಂಡು ಬಲಗೈಯಿಂದ ಕತ್ತರಿ ಆಡಿಸುತ್ತಾರೆ. ಮಡೆಪ್ಪನ ಎಡ ಅಂಗೈ ಲಿಂಗ ಕೂರುವ ಜಾಗ. ಮುಂಜಾನೆ ಸಂಜೆ ಸ್ನಾನ ಮಾಡಿ, ಆ ಅಂಗೈಯಲ್ಲಿ ಲಿಂಗವಿಟ್ಟುಕೊಂಡೇ ಅವನು ಪೂಜೆ ಮಾಡುವುದು. ಅಲ್ಲಿ ಸತ್ತ ಹಕ್ಕಿಯನ್ನು ಮಲಗಿಸಲು ಅವನಿಂದಾಗಲಿಲ್ಲ. "ಬಲಗೈ ನಿಮಗ ಕೊಟ್ಟೀನ್ರಿ, ಎಡಗೈ ಕೊಡಾಕ ಬರೂದಿಲ್ಲ" ಎಂದುಬಿಟ್ಟ. ಸಾಹೇಬರು ಆಗಲಿ ಎಂದರು. ಬೇಗಂ ಒಂದು ಹಲಗೆಗೆ ಹತ್ತಿ ಹಾಸಿ, ಮೇಲೆ ಮೆತ್ತನೆಯ ಬಟ್ಟೆ ಬಿಗಿದು ಕೊಟ್ಟರು. ಅಂದಿನಿಂದ ಮಡೆಪ್ಪ ಹಲಗೆಯ ಮೇಲೆಯೇ ಹಕ್ಕಿ ಹೊಲಿದ. ವಾರಕ್ಕೊಮ್ಮೆ ಬೀದರು, ಉಳಿದ ದಿನ ಭಾಲ್ಕಿಯ ಅಂಗಿ ಪೈಜಾಮ.

ಹೊಲಿಯುವಾಗ ಸಾಹೇಬರು ಪಾಠ ಹೇಳುತ್ತಿದ್ದರು. ಕಾಲೇಜು ಬಿಟ್ಟರೂ ನಾಲಗೆ ಬಿಟ್ಟಿರಲಿಲ್ಲ. ಒಂದು ಜಾತಿಯ ಹಕ್ಕಿ ಗಾಳಿಗೆ ಸಿಕ್ಕಿ ಎಲ್ಲೋ ಸಮುದ್ರದ ನಡುವಿನ ದ್ವೀಪಕ್ಕೆ ಹೋಗಿ ಬೀಳುತ್ತದೆ. ಮರಳಿ ಬರಲಾಗದೆ ಅಲ್ಲೇ ಮರಿ ಮಾಡುತ್ತದೆ. ಸಾವಿರಾರು ವರ್ಷ ಹೊರಗಿನ ಸಂಬಂಧವೇ ಇಲ್ಲದಾಗ ಅದರ ಕೊಕ್ಕು, ಬಣ್ಣ, ಹಾಡು ನಿಧಾನವಾಗಿ ಬೇರೆಯಾಗುತ್ತವೆ. ಬೇರೆಯಾಗಿದೆ ಎಂದು ಬಾಯಲ್ಲಿ ಹೇಳಿದರೆ ಯಾರೂ ಒಪ್ಪುವುದಿಲ್ಲ. ದ್ವೀಪದ ಹಕ್ಕಿ, ನೆಲದ ಹಕ್ಕಿ ಎರಡನ್ನೂ ಬೆಳಕಿನಲ್ಲಿ ಪಕ್ಕಪಕ್ಕ ಮಲಗಿಸಬೇಕು. ರೆಕ್ಕೆ, ಕೊಕ್ಕು, ಕಾಲಿನ ಎಲುಬು, ಬಾಲ ಅಳೆಯಬೇಕು. ಒಂದೇ ಹಕ್ಕಿ ಸಾಲದು. ಗಂಡು ಬೇಕು, ಹೆಣ್ಣು ಬೇಕು, ಎಳೆಯದು ಬೇಕು. ಎಲ್ಲದರಲ್ಲೂ ಅದೇ ವ್ಯತ್ಯಾಸ ಸಿಕ್ಕರೆ ಹೊಸ ಹೆಸರಿಟ್ಟು, ಒಂದು ಹಕ್ಕಿಯ ಕಾಲಿಗೆ ಕೆಂಪು ಚೀಟಿ ಕಟ್ಟಿ, ಇದೇ ಆ ಹೆಸರಿನ ಸಾಕ್ಷಿ ಎಂದು ಎತ್ತಿಡುತ್ತಾರೆ.

"ಹೆಸರಿಟ್ಟ ಮ್ಯಾಲ ಅಳಸೂದಿಲ್ಲೇನ್ರಿ?"

"ಸುಳ್ಳಿದ್ರ ಅಳಸ್ತಾರ. ಖರೇ ಇದ್ರ, ರಾಜ್ಯ ಮುಳುಗಿದ್ರೂ ಹೆಸರ ಇರ್ತದ."

ರಾಜ್ಯ ಮುಳುಗುವ ಕಾಲವೂ ಬಂದೇಬಿಟ್ಟಿತು. ನಲವತ್ತೆಂಟರ ಸೆಪ್ಟೆಂಬರಿನಲ್ಲಿ ಹಿಂದುಸ್ತಾನದ ಫೌಜು ಬಂತು. ವಾರ ತುಂಬುವುದರೊಳಗೆ ನಿಜಾಮರ ದರ್ಬಾರು ಮುಗಿಯಿತು. ಅಲ್ಲಿಯತನಕ ನಿಜಾಮರ ಪರ ಬಂದೂಕು ಹಿಡಿದ ರಜಾಕಾರರ ಭಯಕ್ಕೆ ಒಂದು ಓಣಿಯವರು ಬಾಗಿಲು ಹಾಕಿಕೊಂಡಿದ್ದರು. ಈಗ ಸೇಡಿಗೆ ಹೆದರಿ ಸಾಹೇಬರ ಜನ ಇರುವ ಓಣಿಯವರು ಹಾಕಿಕೊಂಡರು. ಸಾಹೇಬರು ಬೇಗಂ ಜೊತೆ ಔರಾದದ ಮಾವನ ಮನೆಗೆ ಹೋದವರು ಅಲ್ಲೇ ಸಿಕ್ಕಿಬಿದ್ದಿದ್ದರು. ಬೇಗಂ ಮೈಯಲ್ಲಿ ಜ್ವರ. ಬೀದರಿಗೆ ಮರಳಲು ಸಂತಪುರದ ಮೇಲಿನ ನೆಟ್ಟಗಿನ ದಾರಿ ಬೇಡ, ಭಾಲ್ಕಿಗೆ ಹೋಗಿ ರೈಲು ಹಿಡಿಯೋಣ ಎಂದು ಸಾಹೇಬರೇ ಹಟ ಹಿಡಿದರು. ಭಾಲ್ಕಿಗೆ ಬಂದರೆ ರೈಲೇ ಇರಲಿಲ್ಲ. ಅಂಗಡಿಯ ಮುಂದೆ ಬಂದು ನಿಂತ ಇಬ್ಬರನ್ನೂ ಮಡೆಪ್ಪ ಏನೂ ಕೇಳದೆ ಬಂಡಿಯಲ್ಲಿ ಕೂರಿಸಿ, ಮೇಲೆ ಒಣ ಜೋಳದ ಕಣಿಕೆ ಹೊದಿಸಿ, ಭಾತಂಬ್ರಾಕ್ಕೆ ಕರೆದೊಯ್ದ.

ಮನೆಯಲ್ಲಿ ಅವನ ಹೆಂಡತಿ ಗುರಮ್ಮ ಹಕ್ಕಿಯ ಕೆಲಸವೆಂದರೆ ಕಿಡಿಕಾರುತ್ತಿದ್ದವಳು. ಆ ಕೆಲಸ ಮಾಡಿ ಬಂದ ದಿನ ಗಂಡನನ್ನು ಹಿತ್ತಲಲ್ಲೇ ಸ್ನಾನಕ್ಕೆ ನಿಲ್ಲಿಸುತ್ತಿದ್ದಳು. ಬೇಗಂ ಹಣೆ ಮುಟ್ಟಿ ನೋಡಿದವಳು ತನ್ನ ಕೌದಿ ತಂದು ಹಾಸಿದಳು. "ಆಪಾ, ನೀವು ಮಲಕೋರಿ. ಯಾರು ಬಂದ್ರೂ ನಾ ಬಾಗಲಾ ಬಿಟ್ಟು ಸರಿಯಂಗಿಲ್ಲ" ಎಂದಳು. ನಿಂತಳು ಕೂಡ. ಆದರೆ ಜ್ವರ ಬಾಗಿಲಿನಿಂದ ಬರುವುದಲ್ಲ. ಡಾಕ್ಟರನ್ನು ಕರೆಯಲು ಭಯ, ಕರೆದರೂ ಬರುವವರಿಲ್ಲ. ಬೇಗಂ ಗುರಮ್ಮನ ತೊಡೆಯ ಮೇಲೆ ತಲೆಯಿಟ್ಟೇ ಹೋದರು.

ಮಡೆಪ್ಪ ಅಂಗಡಿಯಿಂದ ತಂದಿದ್ದ ಹೊಸ ಬಿಳಿ ಮಲ್ಲು ಬಟ್ಟೆಯನ್ನು ಹೆಣದ ಹೊದಿಕೆಗೆಂದು ಬಿಚ್ಚಿ, ಅಂಚು ಮಡಚಿ, ಸೂಜಿಗೆ ದಾರ ಪೋಣಿಸಿದ. ಅವನಿಗೆ ಗೊತ್ತಿದ್ದದ್ದು ಅಷ್ಟೇ. ಸಾಹೇಬರು ಅವನ ಕೈ ಹಿಡಿದರು. "ಇದಕ್ಕ ಹೊಲಿಗಿ ಬ್ಯಾಡ ಮಡೆಪ್ಪ. ನಮ್ಮಾಗ ಹೊಲಿಯೂದಿಲ್ಲ." ಮಡೆಪ್ಪ ಸೂಜಿಯನ್ನು ಅಂಗಿಗೆ ಚುಚ್ಚಿಕೊಂಡು ಗೋಡೆ ಕಡೆ ಮುಖ ಮಾಡಿ ಅತ್ತ. ಸತ್ತವರನ್ನು ಮಣ್ಣಿಗೆ ಕೊಡುವುದು ಎರಡೂ ಮನೆಗಳ ಪದ್ಧತಿ. ಮಡೆಪ್ಪನ ತಾಯಿಯನ್ನು ಇಟ್ಟ ಹೊಲದ ಬದುವಿನಲ್ಲೇ, ತುಸು ದೂರ ಬಿಟ್ಟು, ಬೇಗಂರನ್ನೂ ಇಟ್ಟರು. ಊರಿನ ಪಿಂಜಾರ ಅಯ್ಯುಬ ಹೆದರುತ್ತಲೇ ಬಂದು ನಮಾಜಿಗೆ ಸಾಹೇಬರ ಪಕ್ಕ ನಿಂತ. ಕಲ್ಲು ನೆಡಲಿಲ್ಲ. ಆ ದಿನಗಳಲ್ಲಿ ಕಲ್ಲು ನೆಟ್ಟರೆ ಅದೇ ಚಾಡಿ ಹೇಳುತ್ತಿತ್ತು.

ಗಲಾಟೆ ತಣ್ಣಗಾದ ಮೇಲೆ ಸಾಹೇಬರು ಬೀದರಿಗೆ ಹೋದರು. ಮತ್ತೆ ಭಾತಂಬ್ರಾಕ್ಕೆ ಕಾಲಿಡಲಿಲ್ಲ. ಮಡೆಪ್ಪ ಕರೆದಾಗೆಲ್ಲ ಮುಂದಿನ ತಿಂಗಳು ಎನ್ನುತ್ತಿದ್ದರು. ಭಾಲ್ಕಿಯ ದಾರಿ ಆರಿಸಿದ್ದು ತಾವೇ ಎಂಬುದು ಅವರ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಹೆಂಡತಿಯ ಹೆಸರು ಸಹ ಅವರ ಬಾಯಿಂದ ಬರುತ್ತಿರಲಿಲ್ಲ.

ಮೂರು ನಾಲ್ಕು ವರ್ಷ ಕಳೆದ ಮೇಲೆ ಒಂದು ದಿನ ಅಂಗಡಿಗೆ ಬಂದು, "ಅಂಡಮಾನದ ಆಚೀ ಕಡೆ ಒಂದು ಸಣ್ಣ ದ್ವೀಪ ಅದ. ಬರ್ತಿಯೇನು?" ಎಂದರು. ಗುರಮ್ಮ ಬೇಡವೆನ್ನುತ್ತಾಳೆ ಎಂದುಕೊಂಡಿದ್ದ ಮಡೆಪ್ಪ. ಅವಳು ರೊಟ್ಟಿ ಕಟ್ಟಿದಳು. "ಹೋಗಿ ಬರ್ರಿ. ಒಬ್ಬಂಟಿ ಮನಷ್ಯಾ, ನೀರಾಗ ಏನರೆ ಮಾಡ್ಕೊಂಡ್ರ ಹ್ಯಾಂಗ" ಎಂದಳು. ಕೆರೆಗಿಂತ ದೊಡ್ಡ ನೀರು ಕಂಡಿರದ ಮಡೆಪ್ಪ ಮದ್ರಾಸಿನಲ್ಲಿ ಹಡಗು ಹತ್ತಿ, ದಾರಿಯುದ್ದಕ್ಕೂ ವಾಂತಿ ಮಾಡುತ್ತ ಹೋದ.

ದ್ವೀಪದಲ್ಲಿ ತೆಂಗು, ಕೆಸರು, ಸೊಳ್ಳೆ. ಅಲ್ಲಿ ಬೂದು ಬೆನ್ನು, ಬಿಳಿ ಎದೆಯ, ಹಿಡಿಯೊಳಗೆ ಅಡಗುವಷ್ಟು ಪುಟ್ಟದೊಂದು ನೊಣಹಿಡುಕ ಹಕ್ಕಿ ಇತ್ತು. ನಮ್ಮ ನೆಲದಲ್ಲೂ ಇರುವಂಥದೇ. ಆದರೆ ಇದರ ಹಾಡು ಬೇರೆ, ಕೊನೆಯಲ್ಲಿ ಒಂದು ಎಳೆತ. ಸಾಹೇಬರು ಕಿವಿಗೊಟ್ಟು ನಿಂತೇಬಿಟ್ಟರು. ಒಂದಷ್ಟು ಹಕ್ಕಿ ಹೊಡೆದರು. ಅಷ್ಟರಲ್ಲಿ ಮಲೇರಿಯಾ ಬಂದು ಮಲಗಿದರು. ಹಕ್ಕಿಗಳನ್ನು ಕೆಡದಂತೆ ಉಳಿಸುವ ಭಾರ ಮಡೆಪ್ಪನ ಮೇಲೆ ಬಿತ್ತು. ಹಲಗೆಯ ಹತ್ತಿ ನೆನೆದು ಬೂಸು ಹಿಡಿದಿತ್ತು. ತಟ್ಟೆಯಲ್ಲಿಟ್ಟ ಚರ್ಮ ಒಣಗದೆ ನಾರತೊಡಗಿತು. ಎಡ ಅಂಗೈ ಕೊಡಲಾರ, ಹಕ್ಕಿ ಬಿಡಲಾರ. ಕೊನೆಗೆ ಸಿಂಪಿಗನ ಬುದ್ಧಿ ಓಡಿತು. ಹೊಲಿದ ಅಂಗಿಯನ್ನು ಏನು ಮಾಡುತ್ತೇವೆ, ತೂಗುಹಾಕುತ್ತೇವೆ. ಮೂಗಿನ ತೂತಿಗೆ ದಾರ ಪೋಣಿಸಿ ಹಕ್ಕಿಗಳನ್ನು ಗುಡಿಸಲ ಒಲೆಯ ಮೇಲೆ ಸಾಲಾಗಿ ತೂಗುಹಾಕಿದ. ಗಾಳಿಗೆ ಮುರುಟಬಾರದೆಂದು ಕಾಲಿಗೆ ಕೋಟಿನ ಹಿತ್ತಾಳೆ ಗುಂಡಿ ಕಟ್ಟಿದ. ಹಕ್ಕಿಗಳು ಗರಿಗರಿಯಾಗಿ ಒಣಗಿದವು. ಸಾಹೇಬರು ಎದ್ದು ಕೂರುವ ಹೊತ್ತಿಗೆ ಗುಂಡಿ ಬಿಚ್ಚಿ, ಚೀಟಿ ಕಟ್ಟಿ, ಪೆಟ್ಟಿಗೆಯಲ್ಲಿ ಅಚ್ಚುಕಟ್ಟಾಗಿ ಮಲಗಿಸಿದ್ದ. ಒಂದೂ ಕೆಡಲಿಲ್ಲವೆಂದು ತನ್ನ ಬೆನ್ನು ತಾನೇ ತಟ್ಟಿಕೊಂಡ.

ಬೀದರಿಗೆ ಮರಳಿದ ಸಾಹೇಬರು ತಿಂಗಳುಗಟ್ಟಲೆ ಅಳೆದರು, ಬರೆದರು. ಒಂದು ದಿನ ಮಡೆಪ್ಪನನ್ನು ಕರೆಸಿ, ಕಿಟಕಿಯ ಬಳಿ ಬಿಳಿ ಬಟ್ಟೆಯ ಮೇಲೆ ಎರಡು ಸಾಲು ಹಕ್ಕಿ ಮಲಗಿಸಿ ತೋರಿಸಿದರು. ಒಂದು ಸಾಲು ನೆಲದ್ದು, ಒಂದು ದ್ವೀಪದ್ದು. ದ್ವೀಪದ ಹಕ್ಕಿ ಉದ್ದ, ಕತ್ತು ಸಪೂರ, ಎದೆ ಬಿಳಿಯಲ್ಲ, ಚಹಾದ ಬಣ್ಣ.

"ರೆಕ್ಕಿ ಒಂದೇ ಅಳತಿ ಬಂದದ, ಕೊಕ್ಕೂ ಅಷ್ಟೇ. ಆದ್ರ ಮೈ ನೋಡು, ಬಣ್ಣ ನೋಡು, ಅಲ್ಲಿ ಗಿಡದ ನೆರಳಾಗ ಬೆಳ್ಳಗ ಕಂಡಿತ್ತು ನನಗ. ಎಲ್ಲಾದ್ರಾಗೂ ಹಂಗೇ ಅದ. ಹಾಡೂ ಬ್ಯಾರೆ. ಹೊಸಾದು ಮಡೆಪ್ಪ, ಇದು ಹೊಸಾದು." ಅವರು ನಗುತ್ತಿದ್ದರು. ಆ ಮುಖದಲ್ಲಿ ನಗು ಕಂಡು ಎಷ್ಟು ವರ್ಷವಾಗಿತ್ತೋ. ಕೆಂಪು ಚೀಟಿಯ ಹಕ್ಕಿಯನ್ನು ಎತ್ತಿಕೊಂಡು, "ಅಜೀಜಾನ ಹೆಸರ ಇಡ್ತೇನಿ. ಗೋರಿಗಿ ಒಂದು ಕಲ್ಲ ಇಡಾಕ ಆಗಲಿಲ್ಲ ನನಗ. ಇನ್ನ ದುನಿಯಾದ ಎಲ್ಲಾ ಕಿತಾಬದಾಗ ಆಕಿನ ಹೆಸರ ಇರ್ತದ" ಎಂದರು.

ಮಡೆಪ್ಪ ಬಗ್ಗಿ ನೋಡಿದ. ಹಕ್ಕಿಯ ಮೂಗಿನಲ್ಲಿ ದಾರದ ತೂತು ಅಗಲವಾಗಿತ್ತು. ಕಾಲಿನ ಮೇಲೆ ಗುಂಡಿ ಕಟ್ಟಿದ ಗೆರೆ ಇತ್ತು. ಒದ್ದೆ ಬಟ್ಟೆಗೆ ಭಾರ ಕಟ್ಟಿ ತೂಗುಹಾಕಿದರೆ ಇಳಿದು ಉದ್ದವಾಗುತ್ತದೆ ಎಂದು ಗೊತ್ತಿಲ್ಲದ ಸಿಂಪಿಗನುಂಟೇ. ಒಲೆಯ ಮೇಲಿನ ಬಿಳಿ ಅಂಗಿ ಯಾವ ಬಣ್ಣಕ್ಕೆ ತಿರುಗುತ್ತದೆಂದು ಯಾರಿಗೆ ಗೊತ್ತಿಲ್ಲ. ತಾನು ಎಳೆದ ಉದ್ದ, ತಾನು ಹಾಕಿದ ಹೊಗೆ. ಅದರ ಮೇಲೆ ಈ ಮನುಷ್ಯ ಹೆಂಡತಿಯ ಹೆಸರು ಬರೆಯುತ್ತಿದ್ದಾನೆ. ಹೇಳಿದರೆ ಆ ಹೆಸರು ಹೋಗುತ್ತದೆ, ಆ ನಗುವೂ ಹೋಗುತ್ತದೆ. ಬಾಯಿಗೆ ಬೀಗ ಹಾಕಿಕೊಂಡು ಮನೆಗೆ ಬಂದ.

ಗುರಮ್ಮನ ಮುಂದೆ ಎಲ್ಲ ಬಿಡಿಸಿ ಹೇಳಿದ. "ಹೇಳದಿದ್ರ ಯಾರಿಗೂ ತಿಳಿಯಂಗಿಲ್ಲ" ಎಂದು ಕೊನೆಗೆ ಸೇರಿಸಿದ.

ಗುರಮ್ಮ ಜೋಳ ಕೇರುತ್ತಿದ್ದಳು. ಮೊರ ಕೆಳಗಿಟ್ಟಳು. "ಆಪಾ ನನ್ನ ತೊಡಿ ಮ್ಯಾಲ ಸತ್ತಾರ. ಅವರ ಹೆಸರಿನ ಮ್ಯಾಲ ಸುಳ್ಳು ಕೂಡಸಬ್ಯಾಡ್ರಿ. ಸಾಹೇಬ್ರು ಅಳ್ತಾರಂದ್ರ ಅಳ್ಳಿ, ನೀವು ಹತ್ರ ಕುಂದರ್ರಿ" ಎಂದಳು.

ಮಡೆಪ್ಪ ಮತ್ತೆ ಬೀದರಿಗೆ ಹೋಗಿ, ನಿಂತುಕೊಂಡೇ ಹೇಳಿದ. ಗುಂಡಿ, ಹೊಗೆ, ದಾರ ಯಾವುದನ್ನೂ ಬಚ್ಚಿಡಲಿಲ್ಲ. ಸಾಹೇಬರು ಮೊದಲು ಸಿಟ್ಟಾದರು, ಆಮೇಲೆ ಇಲ್ಲವೆಂದರು, ಆಮೇಲೆ ಹಕ್ಕಿಯ ಕಾಲನ್ನು ಕಿಟಕಿಯ ಬೆಳಕಿಗೆ ಹಿಡಿದು ಗುಂಡಿಯ ಗೆರೆ ಹುಡುಕಿದರು.

"ಒಂದ ಹಕ್ಕಿ ಕೊಡ್ರಿ ಸಾಹೇಬ್ರ. ಬಿಚ್ಚಿ ಮೊದಲಿನಂಗ ಮಾಡಿ ತೋರಸ್ತೇನಿ. ಆಗ ನೀವೇ ಹೇಳ್ರಿ."

ದ್ವೀಪದ ಸಾಲಿನ ಯಾವುದೋ ಹರಕು ಹಕ್ಕಿ ಕೊಡುತ್ತಾರೆ ಎಂದುಕೊಂಡಿದ್ದ. ಸಾಹೇಬರು ಕೆಂಪು ಚೀಟಿಯದನ್ನೇ ಎತ್ತಿ ಕೊಟ್ಟರು. "ಸಾಕ್ಷಿನ್ನೇ ಕೇಳು" ಎಂದರು.

ಮಡೆಪ್ಪ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಚರ್ಮ ಮೆದುವಾಗಲು ಕಾದ. ಆಮೇಲೆ ತನ್ನದೇ ಹೊಲಿಗೆಯನ್ನು ಒಂದೊಂದಾಗಿ ಕತ್ತರಿಸಿದ. ಹತ್ತಿ ತೆಗೆದಾಗ ಎಳೆದು ತೆಳುವಾಗಿದ್ದ ಕತ್ತು ಹಲಗೆಯ ಮೇಲೆ ಮಡಚಿ ಹರಿಯುವಂತಾಯಿತು. ಕೆಳಗಿನಿಂದ ಆಸರೆ ಬೇಕು, ಬೆಚ್ಚಗಿನ, ಮೆತ್ತನೆಯ ಆಸರೆ. ಅವನು ಯೋಚಿಸಲಿಲ್ಲ. ಎಡ ಅಂಗೈ ಚಾಚಿ ಹಕ್ಕಿಯನ್ನು ಅದರಲ್ಲಿ ಮಲಗಿಸಿಕೊಂಡ. ಸಾಹೇಬರು ಅದನ್ನು ನೋಡಿ ಏನೋ ಹೇಳಲು ಬಾಯಿ ತೆರೆದರು. "ಇರಲಿ ಬಿಡ್ರಿ. ಕೊರಳಾಗಿನ ಅವನಿಗಿ ತಿಳೀತದ" ಎಂದ ಮಡೆಪ್ಪ ತಲೆಯೆತ್ತದೆ. ಚರ್ಮವನ್ನು ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ಸರಿಸಿ, ಸಡಿಲವಾಗಿ ಹತ್ತಿ ತುಂಬಿ, ಮತ್ತೆ ಹೊಲಿದ. ಎದೆಯ ಗರಿಗೆ ಸಾಬೂನು ನೀರು ಮುಟ್ಟಿಸಿ, ನುಣ್ಣನೆಯ ಜೋಳದ ಹಿಟ್ಟು ಉದುರಿಸಿ ಹೀರಿಸಿ, ಕುಂಚದಿಂದ ಕೊಡವಿದ. ಹಿಟ್ಟು ಕಂದಾಗಿ ಉದುರಿತು. ಎದೆ ಬೆಳ್ಳಗಾಯಿತು.

ಮರುದಿನ ಒಣಗಿದ ಹಕ್ಕಿಯನ್ನು ಸಾಹೇಬರು ನೆಲದ ಹಕ್ಕಿಗಳ ಸಾಲಿನಲ್ಲಿ ಮಲಗಿಸಿದರು. ಉದ್ದ ಅಷ್ಟೇ. ಬಣ್ಣ ಅದೇ.

"ರೆಕ್ಕಿ ಮೊದಲ ದಿನಾನೇ ಹೇಳಿತ್ತು" ಎಂದರು ಮೆಲ್ಲಗೆ. "ರೆಕ್ಕಿ ಎಳದ್ರ ಉದ್ದ ಆಗೂದಿಲ್ಲ. ನಾ ಕೇಳಲಿಲ್ಲ. ಹಾಡು ಮಾತ್ರ ಬ್ಯಾರೆ ಇತ್ತು ಮಡೆಪ್ಪ."

"ಇತ್ತು ಸಾಹೇಬ್ರ. ನಾನೂ ಕೇಳೀನಿ. ಆದ್ರ ಹಾಡು ಪೆಟಗ್ಯಾಗ ಬರಲಿಲ್ಲ."

"ಮುಂದ ಯಾರರೆ ಹೋಗ್ತಾರ, ಕೂತು ಕೇಳ್ತಾರ. ಅವರ ಕೈಯಾಗ ಸುಳ್ಳ ಸಾಕ್ಷಿ ಕೊಡಬಾರದು." ಸಾಹೇಬರು ಕೆಂಪು ಚೀಟಿಯ ದಾರ ಬಿಚ್ಚಿದರು. ಬಿಚ್ಚಿದ ಮೇಲೆ ಆ ಚೀಟಿಯನ್ನು ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡು, ಮಗುವಿನ ಹಾಗೆ ಅತ್ತರು. ಮಣ್ಣು ಮಾಡಿದ ದಿನವೂ ಅವರು ಅತ್ತಿರಲಿಲ್ಲ. "ಆಕಿನ ಹೆಸರ ನಾ ಎಲ್ಲಿ ಇಡ್ಲಿ ಮಡೆಪ್ಪ?"

ಗುರಮ್ಮ ಹೇಳಿದಂತೆ ಮಡೆಪ್ಪ ಹತ್ತಿರ ಕೂತ. ಅಳು ನಿಂತ ಮೇಲೆ, "ನಮ್ಮೂರಿಗಿ ಬರ್ರಿ. ಮುಂದಿನ ತಿಂಗಳ ಬ್ಯಾಡ್ರಿ, ಈಗ ಬರ್ರಿ" ಎಂದ. ಈ ಸಲ ಸಾಹೇಬರು ಎದ್ದು ಶೇರವಾನಿ ತೊಟ್ಟರು.

ಭಾಲ್ಕಿಯಲ್ಲಿ ರೈಲಿಳಿದಾಗ ಭಾತಂಬ್ರಾದ ಕಡೆಗೆ ಹೊರಟಿದ್ದ ಬಂಡಿಯೊಂದು ಸಿಕ್ಕಿತು. ಹೊಡೆಯುತ್ತಿದ್ದವನು ಧೊಂಡಿಬಾ. ಕಮಲನಗರದ ಕಡೆಯವನು, ಒಂದು ಸುಗ್ಗಿಯ ಹಿಂದೆಯಷ್ಟೇ ಊರಿಗೆ ದುಡಿಯಲು ಬಂದಿದ್ದ. ಮಡೆಪ್ಪನ ಪರಿಚಯ ಅವನಿಗೆ ಅಷ್ಟಕ್ಕಷ್ಟೆ, ಸಾಹೇಬರನ್ನಂತೂ ಕಂಡೇ ಇರಲಿಲ್ಲ. ಸಾಹೇಬರು ದಾರಿಯುದ್ದಕ್ಕೂ ತಲೆ ತಗ್ಗಿಸಿ ಕೂತಿದ್ದರು. ಊರು ಹತ್ತಿರವಾದಾಗ ದಾರಿ ಎರಡಾಗಿ ಒಡೆಯಿತು. ಧೊಂಡಿಬಾ ಎತ್ತುಗಳನ್ನು ನಿಲ್ಲಿಸಿ ಹಿಂತಿರುಗಿದ.

"ಊರಾಗ ಹೋಗ್ತೀರೋ, ಬೇಗಂ ಹೊಲದ ತನಕ ಬಿಡ್ಲ್ಯೋ?"

ಸಾಹೇಬರು ತಲೆಯೆತ್ತಿದರು. "ಯಾವ ಹೊಲ ಅಂದಿ?"

"ಬೇಗಂ ಹೊಲ್ರೀ. ಅಲ್ಲಿ ಕಾಣ್ತದಲ್ಲ, ಬದುವಿನ ಕಡೀದು. ಎಲ್ಲಾರೂ ಹಂಗೇ ಅಂತಾರ. ಯಾಕಂತಾರ ನನಗ ಗೊತ್ತಿಲ್ರಿ."

ಸಾಹೇಬರು ಮಡೆಪ್ಪನ ಕಡೆ ತಿರುಗಿದರು. ಮಡೆಪ್ಪನಿಗೂ ಅದೀಗ ಹೊಳೆಯಿತು. ಊರಿನ ಬಾಯಲ್ಲಿ ತನ್ನ ಹೊಲಕ್ಕೆ ಆ ಹೆಸರು ಯಾವಾಗ ಬಂತೋ ಅವನಿಗೆ ನೆನಪಿರಲಿಲ್ಲ. ಗುರಮ್ಮ ಕರೆದಳು, ಕಳೆ ಕೀಳುವವರು ಕರೆದರು, ಕುರಿ ಕಾಯುವವರು ಕರೆದರು. ತಾನೂ ದಿನಾ ಕರೆಯುತ್ತಿದ್ದ. ಅದನ್ನು ಹೇಳಬೇಕಾದ ಸುದ್ದಿ ಎಂದು ಅವನಿಗೆ ಒಂದು ದಿನವೂ ಅನಿಸಿರಲಿಲ್ಲ.

"ಇನ್ನೊಮ್ಮಿ ಹೇಳು" ಎಂದರು ಸಾಹೇಬರು.

ಈ ಮುದುಕನಿಗೆ ಕಿವಿ ಮಂದವಿರಬೇಕೆಂದುಕೊಂಡು ಧೊಂಡಿಬಾ ದೊಡ್ಡ ದನಿಯಲ್ಲಿ ಹೇಳಿದ: "ಬೇಗಂ ಹೊಲ್ರೀ."

"ಅಲ್ಲೇ ಬಿಡು" ಎಂದರು ಸಾಹೇಬರು. ಬಂಡಿ ಪೂರ್ತಿ ನಿಲ್ಲುವ ಮೊದಲೇ ಇಳಿದು, ಬದುವಿನ ಮೇಲೆ ನಡೆದುಹೋಗುತ್ತ, ಅಷ್ಟು ವರ್ಷದ ಮೇಲೆ ಹೆಂಡತಿಯನ್ನು ಹೆಸರು ಹಿಡಿದು ಕರೆದರು.